ಪಂಚಾಂಗ ನೋಡಿ ಕಡಲಿಗೆ ಇಳೀರಿ!
ಮಾಲವಣದಿಂದ ಅಘನಾಶಿನಿವರೆಗೆ ಒಂಬತ್ತು ದಿನ, ಬೆನ್ನಿಗೊಂದು ಚೀಲ

ಸೊಲ್ಲಾಪುರ: ನಮ್ಮೂರ ವಿಜಾಪುರ ರಸ್ತೆ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟತದ ಅಂತ ಯಾರಾದರೂ ವಿಚಾರ ಮಾಡಿದ್ದೀರಾ? ಪಂಜಾಬಿನ ಸಂಗ್ರೂರಿನಿಂದ ಹೊರಟ 52ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ತುಳಜಾಪುರ, ಸೊಲ್ಲಾಪುರ, ವಿಜಾಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆಯಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಸಮುದ್ರ. ಅಂದರೆ ನಮ್ಮ ಮನೆ ಮುಂದಿನ ರಸ್ತೆ ಹಿಡಿದು ಎಲ್ಲಿಯೂ ತಿರುವದೆ ಹೋದರೆ ಕಡಲು ಸಿಗುತ್ತದೆ. ಆದರೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮಂದಿಗೆ ಕಡಲು ಅಂದರೆ ಇವತ್ತಿಗೂ ದೂರದ ನೆಂಟ.

ನಾವು ಕಂಡ ನೀರು ಯಾವುದು? ಸಿದ್ಧೇಶ್ವರ ಕೆರೆ, ಭೀಮೆಯ ಮಡು, ಬಹಳ ಆದರೆ ಉಜನಿ ಹಿನ್ನೀರು. ಈ ನೀರು ಇಟ್ಟಲ್ಲಿ ಇರುತ್ತದೆ. ಬೆಳಿಗ್ಗೆ ಮೊಣಕಾಲುಮಟ ಇದ್ದದ್ದು ಸಂಜೆಗೂ ಮೊಣಕಾಲುಮಟವೇ. ಸಮುದ್ರದ ಲೆಕ್ಕ ಹಾಗಲ್ಲ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಈ ಒಂದು ಮಾತು ತಿಳಿಯದೆ ರಜೆಗೆ ಹೋದ ಘಟ್ಟದ ಮೇಲಿನ ಮಕ್ಕಳು ಹೆಣವಾಗಿ ಬಂದ ಸುದ್ದಿ ವರ್ಷಕ್ಕೊಂದಾದರೂ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ. 2016ರ ಫೆಬ್ರುವರಿ 1ರಂದು ರಾಯಗಡ ಜಿಲ್ಲೆಯ ಮುರುಡ್ ದಂಡೆಯಲ್ಲಿ ಪುಣೆಯಿಂದ ಸಹಲಿಗೆ ಬಂದಿದ್ದ 14 ವಿದ್ಯಾರ್ಥಿಗಳು ಮುಳುಗಿ ಸತ್ತದ್ದು ಮರೆಯುವಂಥದ್ದಲ್ಲ.

ಹಾಗಂತ ಹೋಗಲೇಬಾರದು ಅಂತಲ್ಲ. ಕಳೆದ ಚಳಿಗಾಲದಲ್ಲಿ ನಾವು ಐದು ಮಂದಿ ಗೆಳೆಯರು, ಎಲ್ಲರೂ ಗಡಿನಾಡಿನವರೇ, ಟೆಂಟು, ಚೀಲ ಹೊತ್ತು ಮಾಲವಣದಿಂದ ಕುಮಟಾ ತಾಲೂಕಿನ ಅಘನಾಶಿನಿ ನದಿಯವರೆಗೆ ಹೋಗಿ ಬಂದೆವು. ಸ್ವಲ್ಪ ನಡಿಗೆ, ಸ್ವಲ್ಪ ಬಸ್ಸು, ನಡುನಡುವೆ ದೋಣಿ. ಜನ ದತ್ತ ಜಯಂತಿಗೆ ಗಾಣಗಾಪುರದ ಹಾದಿ ಹಿಡಿದಿದ್ದ ದಿನಗಳಲ್ಲಿ ನಾವು ಕೊಲ್ಲಾಪುರದ ಎಸ್‌ಟಿ ಹತ್ತಿದ್ದೆವು. ಮಾರ್ಗಶಿರ ಶುದ್ಧ ಅಷ್ಟಮಿಗೆ ಮಾಲವಣ, ಹುಣ್ಣಿವೆಯ ಮರುದಿನ ಅಘನಾಶಿನಿ. ತಿಥಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಪ್ರವಾಸದಲ್ಲಿ ಗಡಿಯಾರಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಪಂಚಾಂಗವೇ.

ತಿಥಿಯ ಮುಕ್ಕಾಲು

ಕೊಂಕಣದ ಮೀನುಗಾರರಲ್ಲಿ ಹಳೆಯ ಲೆಕ್ಕವೊಂದಿದೆ. ಅವತ್ತಿನ ತಿಥಿಯ ಅಂಕಿಗೆ ಮುಕ್ಕಾಲು ಹಚ್ಚಿದರೆ ಭರತಿಯ ಹೊತ್ತು ಸಿಗುತ್ತದೆ. ಮರಾಠಿಯಲ್ಲಿ 'ಪಾವಣಪಟ' ಅನ್ನುತ್ತಾರಲ್ಲ, ಅದೇ. ಅಷ್ಟಮಿ ಅಂದರೆ ಎಂಟು, ಎಂಟರ ಮುಕ್ಕಾಲು ಆರು. ಅವತ್ತು ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ನೀರು ತುಂಬಿರುತ್ತದೆ. ಅದಕ್ಕೆ ಆರು ತಾಸು ಕೂಡಿಸಿದರೆ ಓಹೋಟಿ, ಅಂದರೆ ಮಧ್ಯಾಹ್ನ ಹನ್ನೆರಡಕ್ಕೆ ನೀರು ಪೂರ್ತಿ ಇಳಿದಿರುತ್ತದೆ. ಏಕಾದಶಿಗೆ ಎಂಟೂಕಾಲು. ಹುಣ್ಣಿವೆ, ಅಮವಾಸ್ಯೆಗೆ ಹನ್ನೊಂದೂಕಾಲು. ಮುಂದಿನ ಪಾಡ್ಯಕ್ಕೆ ಮತ್ತೆ ಒಂದರಿಂದ ಶುರು. ಬಿಕಾಂ ಓದಿದವನಿಗೆ ಇಷ್ಟು ಸರಳ ಗುಣಾಕಾರ ಸಿಕ್ಕರೆ ಸುಮ್ಮನಿರುತ್ತಾನೆಯೇ? ದಿನಾ ಬರೆದಿಟ್ಟು ನೋಡಿದೆ. ಅರ್ಧ ಮುಕ್ಕಾಲು ತಾಸು ಆಚೀಚೆ ಆಗುತ್ತದೆ, ದಕ್ಷಿಣಕ್ಕೆ ಹೋದಷ್ಟೂ ತುಸು ಬೇಗ. ಉಳಿದಂತೆ ಲೆಕ್ಕ ಹುಸಿ ಹೋಗಲಿಲ್ಲ.

ಇದರಲ್ಲಿ ಪವಾಡ ಏನೂ ಇಲ್ಲ. ನೀರನ್ನು ಎಳೆಯುವವನು ಮುಖ್ಯವಾಗಿ ಚಂದ್ರ. ಅವನು ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಮೂಡುತ್ತಾನೆ, ಭರತಿಯೂ ಅಷ್ಟೇ ಮುಂದಕ್ಕೆ ಸರಿಯುತ್ತದೆ. ತಿಥಿ ಅನ್ನುವುದು ಚಂದ್ರನ ಲೆಕ್ಕವೇ ಆದ್ದರಿಂದ ಎರಡೂ ತಾಳೆಯಾಗುತ್ತವೆ. ಹುಣ್ಣಿವೆ ಅಮವಾಸ್ಯೆಗೆ ಸೂರ್ಯನೂ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಮಾಲವಣದವರು ಅದನ್ನು 'ಉಧಾಣ' ಅನ್ನುತ್ತಾರೆ. ಅಷ್ಟಮಿಯ ಆಸುಪಾಸಿನ ಮಂದ ನೀರಿಗೆ 'ಭಾಂಗ'. ಕಾರವಾರ ದಾಟಿದರೆ ಭರತಿ ಹೋಗಿ ಉಬ್ಬರ ಆಗುತ್ತದೆ, ಓಹೋಟಿ ಹೋಗಿ ಇಳಿತ. ಹೆಸರು ಬದಲಾದರೂ ನೀರು ಒಂದೇ.

ಇನ್ನೊಂದು ಮಾತು. ಮನೆಮನೆಯಲ್ಲಿ ತೂಗುವ ದಾತೆ ಪಂಚಾಂಗ ಅಚ್ಚಾಗುವುದು ನಮ್ಮ ಸೊಲ್ಲಾಪುರದಲ್ಲೇ! ಸಮುದ್ರವಿಲ್ಲದ ಊರಿನಿಂದ ಸಮುದ್ರದ ವೇಳಾಪಟ್ಟಿ ಹೊರಡುತ್ತದೆ ಅಂದಹಾಗಾಯಿತು. ಅಲೆಯ ಎತ್ತರದ ಎಚ್ಚರಿಕೆ ಮಾತ್ರ ಪಂಚಾಂಗದಲ್ಲಿ ಸಿಗುವುದಿಲ್ಲ. ಅದಕ್ಕೆ ಹೈದರಾಬಾದಿನ 'ಇನ್‌ಕಾಯಿಸ್' ಸಂಸ್ಥೆಯ ಸೂಚನೆಯನ್ನು ಮೊಬೈಲಿನಲ್ಲಿ ನೋಡಿಕೊಳ್ಳಬೇಕು.

ಕುರಟೆ ನಡುಗಡ್ಡೆಯ ಸಿಹಿನೀರು

ಫೋಂಡಾ ಘಾಟ್ ಇಳಿದರೆ ಗಾಳಿಯೇ ಬೇರೆ. ಮಾಲವಣದ ಜೆಟ್ಟಿಯಿಂದ ಸಿಂಧುದುರ್ಗ ಕೋಟೆಗೆ ದೋಣಿ ಬಿಡುತ್ತಾರೆ. ಛತ್ರಪತಿ ಶಿವಾಜಿ ಮಹಾರಾಜರು 1664ರಲ್ಲಿ ಕುರಟೆ ಎಂಬ ನಡುಗಡ್ಡೆಯ ಮೇಲೆ ಕಟ್ಟಿಸಲು ಶುರುಮಾಡಿದ ಈ ಜಲದುರ್ಗ ಮೂರು ವರ್ಷದಲ್ಲಿ ಮುಗಿಯಿತು. ಕೆಲಸದ ಹೊಣೆ ಹಿರೋಜಿ ಇಂದುಲಕರ್ ಅವರದು. ಪಾಯಕ್ಕೆ ಸೀಸ ಕರಗಿಸಿ ಹೊಯ್ದಿದ್ದಾರೆ. ಸುಮಾರು 48 ಎಕರೆ ಜಾಗ, 42 ಬುರುಜು. ಬಾಗಿಲು ಎದುರಿಗೆ ಹೋಗಿ ನಿಂತರೂ ಥಟ್ಟನೆ ಕಾಣುವುದಿಲ್ಲ, ಗೋಡೆಯ ಮಡಿಕೆಯಲ್ಲಿ ಅಡಗಿದೆ. ಒಳಗೆ ರಾಜಾರಾಮ ಮಹಾರಾಜರು 1695ರಲ್ಲಿ ಕಟ್ಟಿಸಿದ ಶಿವರಾಜೇಶ್ವರ ಗುಡಿ ಇದೆ. ಗಡ್ಡವಿಲ್ಲದ ಶಿವಾಜಿಯ ಮೂರ್ತಿ ನೋಡಬೇಕಾದರೆ ಅಲ್ಲಿಗೇ ಹೋಗಬೇಕು.

ನಮಗೆ ಕೋಟೆಗಿಂತ ಹೆಚ್ಚು ಸೋಜಿಗವಾದದ್ದು ಬಾವಿಗಳು. ದೂಧ ಬಾವ, ದಹಿ ಬಾವ, ಸಾಖರ ಬಾವ ಅಂತ ಮೂರು. ಸುತ್ತಲೂ ಉಪ್ಪುನೀರು, ನಡುವೆ ಕುಡಿಯುವ ನೀರು! ಮಳೆನೀರು ನೆಲಕ್ಕೆ ಇಂಗಿ, ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ಕೂತಿರುತ್ತದೆ. ಬೇಕಾಬಿಟ್ಟಿ ಪಂಪು ಹಚ್ಚಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಬೋರು ಕೊರೆದು ಕೊರೆದು ಬತ್ತಿಸಿಕೊಂಡ ಜತ್ತ ತಾಲೂಕಿನ ನಮ್ಮ ಗೆಳೆಯ ಆ ಬಾವಿ ಕಟ್ಟೆ ಬಿಟ್ಟು ಬಹಳ ಹೊತ್ತು ಏಳಲೇ ಇಲ್ಲ.

ಕೋಟೆಯೊಳಗೆ ಇವತ್ತಿಗೂ ಕೆಲವು ಮನೆತನಗಳು ಬಾಳುತ್ತಿವೆ. ಆದರೆ ಪ್ರವಾಸಿಗರಿಗೆ ರಾತ್ರಿ ವಸ್ತಿ ಇಲ್ಲ. ದೋಣಿಯವ ಕೊಟ್ಟ ಹೊತ್ತಿಗೆ ಜೆಟ್ಟಿಗೆ ಬರಲೇಬೇಕು. ಮಳೆಗಾಲದಲ್ಲಿ, ಸಾಮಾನ್ಯವಾಗಿ ಮೇ ಕೊನೆಯ ವಾರದಿಂದ ಆಗಸ್ಟ್ ಮುಗಿಯುವವರೆಗೆ, ದೋಣಿಗಳು ಬಂದ್. ಬಂದ್ ಇದ್ದಾಗ ಖಾಸಗಿಯಾಗಿ ಒಯ್ಯುತ್ತೇನೆ ಅನ್ನುವವನು ಸಿಕ್ಕರೆ ಅವನಿಗೆ ದೂರದಿಂದಲೇ ಕೈಮುಗಿಯಿರಿ.

ಮರ್ಯಾದಾ ವೇಲದ ಮೇಲೆ ಟೆಂಟು

ಮಾಲವಣದಿಂದ ದಕ್ಷಿಣಕ್ಕೆ ತಾರ್ಕರ್ಲಿ, ಅಲ್ಲಿಂದ ದೇವಬಾಗ. ಎಡಕ್ಕೆ ಕರ್ಲಿ ನದಿ, ಬಲಕ್ಕೆ ಸಮುದ್ರ, ನಡುವೆ ನಾಲಿಗೆಯಂಥ ನೆಲ. ಅದರ ತುದಿಯಲ್ಲಿ ನದಿ ಕಡಲಿಗೆ ಸೇರುವ ಕಡೆ ಓಹೋಟಿಯಲ್ಲಿ ಮಾತ್ರ ಮೇಲೆ ಬರುವ ಉಸುಕಿನ ದಿಬ್ಬಕ್ಕೆ ದೋಣಿಯವರು 'ಸುನಾಮಿ ಐಲ್ಯಾಂಡ್' ಅಂತ ಹೆಸರಿಟ್ಟಿದ್ದಾರೆ. ನಾವು ಹೋದದ್ದು ನವಮಿ, ಲೆಕ್ಕದ ಪ್ರಕಾರ ಓಹೋಟಿ ಒಂದು ಗಂಟೆಯ ಸುಮಾರಿಗೆ. ಒಂದಕ್ಕೆ ದಿಬ್ಬದ ಮೇಲೆ ಚಹಾ ಅಂಗಡಿ ನಡೆದಿತ್ತು. ಮೂರಕ್ಕೆ ಅದೇ ಜಾಗದಲ್ಲಿ ಪಾದ ಮುಳುಗುತ್ತಿತ್ತು, ಅಂಗಡಿಯವ ಟೇಬಲ್ಲು ದೋಣಿಗೆ ಹಾಕುತ್ತಿದ್ದ.

ಟೆಂಟಿನ ಮಾತಿಗೆ ಬರೋಣ. ಸಿನಿಮಾದಲ್ಲಿ ತೋರಿಸುವಂತೆ ಅಲೆಯ ಪಕ್ಕದಲ್ಲಿ ಟೆಂಟು ಹೊಡೆಯುವುದು ಮೂರ್ಖತನ. ಭರತಿ ನಡುರಾತ್ರಿಗೂ ಬರುತ್ತದೆ, ನೀವು ಮಲಗಿದ್ದಾಗ. ಉಸುಕಿನ ಮೇಲೆ ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದಿರುವುದು ಹಿಂದಿನ ಭರತಿಯ ಗುರುತು. ಅದಕ್ಕೂ ಮೇಲೆ, ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಒಂದು ಬಳ್ಳಿ ನೆಲಕ್ಕೆ ಹಬ್ಬಿರುತ್ತದೆ. ಮರಾಠಿಯಲ್ಲಿ ಅದರ ಹೆಸರು 'ಮರ್ಯಾದಾ ವೇಲ್'. ಸಮುದ್ರದ ಮರ್ಯಾದೆ ಅಲ್ಲಿಗೆ ಮುಗಿಯುತ್ತದೆ ಅಂತ ಅರ್ಥ. ಎಂಥ ಹೆಸರು ನೋಡ್ರಿ! ಟೆಂಟು ಆ ಬಳ್ಳಿಗಿಂತ ಹಿಂದೆ ಇರಬೇಕು, ಆದರೆ ಬಳ್ಳಿಯನ್ನು ಕೀಳಬಾರದು. ಉಸುಕು ಹಾರದಂತೆ ಹಿಡಿದಿರುವುದು ಅದೇ.

ಇನ್ನೂ ಒಳ್ಳೆಯದು ಅಂದರೆ ದಂಡೆಯ ಹಿಂದಿನ ತೆಂಗಿನ ವಾಡಿಗಳಲ್ಲಿ ಮಾಲೀಕರನ್ನು ಕೇಳಿ, ಒಂದಿಷ್ಟು ಕೊಟ್ಟು ಟೆಂಟು ಹೊಡೆಯುವುದು. ನೀರು, ಸಂಡಾಸ, ಮೀನು ಊಟ ಎಲ್ಲ ಸಿಗುತ್ತದೆ. ಶಾಕಾಹಾರಿಗಳಿಗೆ ಸೋಲಕಢಿ, ಅನ್ನ. (ನಮ್ಮೈವರಲ್ಲಿ ಇಬ್ಬರು ಲಿಂಗವಂತರು, ಒಂಬತ್ತು ದಿನ ಕಡಕ ಭಾಕ್ರಿ, ಶೇಂಗಾ ಚಟ್ನಿಯ ಮೇಲೇ ಕಳೆದರು. ಅವು ಕೆಡಲೂ ಇಲ್ಲ.) ನವೆಂಬರಿನಿಂದ ಮಾರ್ಚಿನವರೆಗೆ ಈ ದಂಡೆಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ರಾತ್ರಿ ಜೋರು ಬ್ಯಾಟರಿ, ಬೆಂಕಿ ಬೇಡ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕು ಕಂಡ ಕಡೆಗೇ ಸಮುದ್ರವಿದೆ ಅಂದುಕೊಂಡು ದಾರಿ ತಪ್ಪುತ್ತವೆ.

ಸೊಲ್ಲಾಪುರದವರಿಗೆ ಒಂದು ವಿಶೇಷ ಸೂಚನೆ: ಚಾದರ ಮನೆಯಲ್ಲೇ ಬಿಡಿ. ನಮ್ಮೂರ ಚಾದರದ ಅಭಿಮಾನ ಎಲ್ಲರಿಗೂ ಇದೆ. ಆದರೆ ಕಡಲ ಇಬ್ಬನಿಯಲ್ಲಿ ಒಮ್ಮೆ ತೊಯ್ದರೆ ಅದು ಒಣಗುವುದಿಲ್ಲ, ಹೊತ್ತವನ ಹೆಗಲು ಕೇಳಬೇಡಿ.

ಕರ್ಲಿಯನ್ನು ದೋಣಿಯಲ್ಲಿ ದಾಟಿದರೆ ಭೋಗವೆ, ಮುಂದೆ ಗುಡ್ಡದ ಮೇಲಿನ ನಿವತಿ ಕೋಟೆ. ಅಲ್ಲಿಂದ ದೂರ ಸಮುದ್ರದಲ್ಲಿ ವೆಂಗುರ್ಲಾ ರಾಕ್ಸ್ ಬಂಡೆಗಳು, ದೀಪಸ್ತಂಭ ಕಾಣುತ್ತವೆ. ಆ ಬಂಡೆಗಳ ಗುಹೆಗಳಲ್ಲಿ ಜೊಲ್ಲಿನಿಂದ ಗೂಡು ಕಟ್ಟುವ ಬಾನಾಡಿಗಳ ದೊಡ್ಡ ವಸತಿ ಇದೆ. ಅಲ್ಲಿಗೆ ಹೋಗುವ ಹಟ ಬೇಡ, ದೂರದಿಂದ ನೋಡಿದರೆ ಸಾಕು. ವೆಂಗುರ್ಲೆ ದಾಟಿ ಶಿರೋಡೆ. 1930ರಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಜ್ಞಾನಪೀಠ ಪಡೆದ ಮರಾಠಿ ಸಾಹಿತಿ ವಿ.ಸ. ಖಾಂಡೇಕರ್ ಈ ಊರಿನ ಶಾಲೆಯಲ್ಲಿ ಮಾಸ್ತರರಾಗಿದ್ದರು. ತೇರೆಖೋಲ್ ಹೊಳೆ ದಾಟಿದರೆ ಗೋವಾದ ಕೇರಿ ದಂಡೆ.

ಗೋವಾದಲ್ಲಿ ನಾವು ನಿಲ್ಲಲಿಲ್ಲ. ಅಲ್ಲಿ 2019ರ ಕಾಯ್ದೆ ತಿದ್ದುಪಡಿಯಂತೆ ಪ್ರವಾಸಿ ಜಾಗಗಳಲ್ಲಿ ಬಯಲಲ್ಲಿ ಒಲೆ ಹೂಡಿದರೆ, ಕುಡಿದರೆ ಒಬ್ಬರಿಗೆ 2 ಸಾವಿರ, ಗುಂಪಿಗೆ 10 ಸಾವಿರ ರೂಪಾಯಿ ದಂಡ ಗೊತ್ತುಮಾಡಿದ್ದರು. ಚೀಲದಲ್ಲಿ ಸ್ಟವ್ ಇಟ್ಟುಕೊಂಡವರಿಗೆ ಆ ಊರು ಅಲ್ಲ. ಮಡಗಾಂವದಿಂದ ರೈಲು ಹತ್ತಿ ಕಾರವಾರಕ್ಕೆ ಇಳಿದೆವು.

ಕೂರ್ಮಗಡದ ದೋಣಿ

ಕಾರವಾರದ ಕೊಲ್ಲಿ ತುಂಬ ನಡುಗಡ್ಡೆಗಳು. ದಕ್ಷಿಣಕ್ಕೆ ಅಂಜದೀವ. 1498ರಲ್ಲಿ ವಾಸ್ಕೋ ಡ ಗಾಮ ತಂಗಿದ್ದು, 1505ರಲ್ಲಿ ಪೋರ್ತುಗೀಜರು ಕೋಟೆ ಕಟ್ಟಿದ್ದು ಅಲ್ಲೇ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ಅದನ್ನು ಬಿಡಿಸಿಕೊಳ್ಳಲು ಹೋದ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. ಈಗ ನೌಕಾದಳದ ವಶದಲ್ಲಿದೆ, ನಮ್ಮಂಥವರಿಗೆ ಪ್ರವೇಶವಿಲ್ಲ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಕುಸಿದು ಬಿತ್ತಲ್ಲ, ಆ ಜಾಗವನ್ನೂ ಸದಾಶಿವಗಡದ ಕಡೆ ಹೋಗುವಾಗ ನೋಡಿದೆವು.

ಜನ ಹೋಗುವ ನಡುಗಡ್ಡೆ ಕೂರ್ಮಗಡ. ದೂರದಿಂದ ಆಮೆ ಕವುಚಿ ಮಲಗಿದಂತೆ ಕಾಣುತ್ತದೆ. ಮೇಲೆ ನರಸಿಂಹನ ಗುಡಿ. ಪುಷ್ಯ ಹುಣ್ಣಿವೆಗೆ ಅಲ್ಲಿ ಜಾತ್ರೆ, ಸುತ್ತಲಿನ ಮೀನುಗಾರರೆಲ್ಲ ದೋಣಿ ಸಿಂಗರಿಸಿಕೊಂಡು ಹೋಗುತ್ತಾರೆ.

2019ರ ಜನವರಿ 21ರ ಜಾತ್ರೆಯಿಂದ ಮರಳುತ್ತಿದ್ದ ಒಂದು ದೋಣಿ ಅಲೆಗೆ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು, ಮಕ್ಕಳೂ ಇದ್ದರು. ದೋಣಿ ತಡೆಯುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು, ಲೈಫ್ ಜಾಕೆಟ್ ಹಾಕಿರಲಿಲ್ಲ ಎಂದು ಆಗಿನ ಪತ್ರಿಕೆಗಳು ಬರೆದವು. ಹಾವೇರಿಯೂ ನಮ್ಮಂಥದ್ದೇ ಊರು. ಜೋಳ, ಹತ್ತಿ, ಕೆರೆ. ಸಮುದ್ರ ನೋಡಲು ಸಂಭ್ರಮದಿಂದ ಹೋದವರು.

ಆ ಸುದ್ದಿ ಓದಿದವರು ದಂಡೆಯಲ್ಲಿ ನಿಂತು ದೋಣಿ ಹತ್ತುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಾವು ಹೋದದ್ದು ಜಾತ್ರೆಯ ದಿನವಲ್ಲ, ಅದರ ಹಿಂದಿನ ತಿಂಗಳ ಚತುರ್ದಶಿ. ಉಬ್ಬರ ಹತ್ತೂವರೆಗೆ. ಬೆಳಿಗ್ಗೆ ಒಂಬತ್ತಕ್ಕೆ ತುಂಬುವ ನೀರಿನಲ್ಲಿ ಹೋಗಿ, ಹನ್ನೆರಡರೊಳಗೆ ವಾಪಸು ಬಂದೆವು. ಮಧ್ಯಾಹ್ನದ ನಂತರ ಕಡಲಗಾಳಿ ಏಳುತ್ತದೆ, ಅಲೆ ಒಡೆಯಲು ಶುರುವಾಗುತ್ತದೆ, ಅದಕ್ಕೂ ಮೊದಲೇ ಮರಳುವುದು ಮೇಲೆಂದು ದೋಣಿಯವರೇ ಹೇಳಿದ್ದರು. ಹತ್ತುವ ಮುಂಚೆ ತಲೆ ಎಣಿಸಿ, ದೋಣಿಯ ಮೇಲೆ ಬರೆದ ಸಂಖ್ಯೆಗೆ ತಾಳೆ ನೋಡಿ. ಜಾಕೆಟ್ ಕೇಳಿ ಪಡೆಯಿರಿ, ತೊಡೆಯ ಮೇಲೆ ಇಟ್ಟುಕೊಳ್ಳುವುದಲ್ಲ, ಗುಂಡಿ ಬಿಗಿದು ತೊಡಬೇಕು. ಫೋಟೊಕ್ಕಾಗಿ ಎಲ್ಲರೂ ಒಂದೇ ಬದಿಗೆ ಏಳಬೇಡಿ. ಅಂಜುಬುರುಕರು ಅಂತ ಯಾರಾದರೂ ನಕ್ಕರೆ ನಗಲಿ.

ಈಜಲು ಬರುವವರಿಗೂ ಒಂದು ಮಾತು. ದಂಡೆಯಲ್ಲಿ ಅಲೆಗಳು ಒಡೆಯುವ ಸಾಲಿನ ನಡುವೆ ಒಂದು ಕಡೆ ನೀರು ಶಾಂತವಾಗಿ, ಕಪ್ಪಗೆ ಕಂಡರೆ ಅದೇ ಸುರಕ್ಷಿತ ಜಾಗ ಅಂತ ಇಳಿಯಬೇಡಿ. ದಂಡೆಗೆ ಬಂದ ನೀರು ಅಲ್ಲಿಂದಲೇ ಒಳಕ್ಕೆ ಹೊರಳಿ ಹೋಗುತ್ತಿರುತ್ತದೆ. ಸಿಕ್ಕಿಬಿದ್ದರೆ ಎದುರು ಈಜಿ ಸುಸ್ತಾಗಬಾರದು, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಭೀಮೆಯಲ್ಲಿ ಈಜು ಕಲಿತವರು ಇದನ್ನು ಕಲಿತಿರುವುದಿಲ್ಲ.

ಗೋಕರ್ಣದಿಂದ ತದಡಿ

ಹುಣ್ಣಿವೆಯ ದಿನ ಗೋಕರ್ಣದಿಂದ ನಡಿಗೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ದಂಡೆಗಳು ಒಂದರ ಬೆನ್ನಿಗೊಂದು, ನಡುವೆ ಬಂಡೆಗುಡ್ಡಗಳು. ಇಡೀ ಪ್ರವಾಸದಲ್ಲಿ ಕಣ್ಣಿಗೆ ಇದಕ್ಕಿಂತ ಚಂದದ ಹಾದಿ ಸಿಗಲಿಲ್ಲ, ಕಾಲಿಗೆ ಇದಕ್ಕಿಂತ ಕಠಿಣವಾದದ್ದೂ ಸಿಗಲಿಲ್ಲ. ಕೆಳಗೆ ಬಂಡೆಯ ಬುಡ ಬಳಸಿ ಹೋದರೆ ಹತ್ತಿರ ಅನ್ನಿಸುತ್ತದೆ. ಆದರೆ ಅವತ್ತು ಹನ್ನೊಂದರ ಸುಮಾರಿಗೆ ಉಧಾಣದ ಉಬ್ಬರ, ಬುಡವೆಲ್ಲ ನೀರಲ್ಲಿತ್ತು. ಗುಡ್ಡದ ಮೇಲಿನ ಕಾಲುದಾರಿಯಲ್ಲೇ ನಡೆದೆವು. ಬೆಲೇಕಾನ ಕಡೆಯ ಒಂದು ಮನೆಯಂಗಳದಲ್ಲಿ ಕೇಳಿ ಟೆಂಟು ಹೊಡೆದೆವು. ಗೋಕರ್ಣದ ಸುತ್ತ ಕಂಡಕಂಡಲ್ಲಿ ರಾತ್ರಿ ತಂಗಬೇಡಿ, ಮೊದಲು ಊರವರನ್ನೂ ಪೊಲೀಸ್ ಠಾಣೆಯನ್ನೂ ವಿಚಾರಿಸಿ. ರಾತ್ರಿ ಹನ್ನೊಂದಕ್ಕೆ ಎದ್ದು ದಂಡೆಗೆ ಹೋಗಿ ನೋಡಿದರೆ ಬೆಳದಿಂಗಳಲ್ಲಿ ನೀರು ಬಳ್ಳಿಯ ಅಂಚಿಗೆ ಬಂದು ನಿಂತಿತ್ತು. ಅದರಾಚೆ ಒಂದು ಮಾರು ದಾಟಲಿಲ್ಲ.

ಒಂಬತ್ತು ದಿನ ಮರಾಠಿ, ಮಾಲವಣಿ, ಕೊಂಕಣಿ ಕೇಳಿದ ಕಿವಿಗೆ ಇಲ್ಲಿ ಕನ್ನಡ. ಅದೂ ನಮ್ಮ ಕನ್ನಡವಲ್ಲ. ನಾವು 'ಹೌದಲ್ರಿ' ಅಂದರೆ ಅವರಿಗೆ ನಗು, ಅವರು 'ಹೌದೋ' ಅಂದರೆ ನಮಗೆ. ಉತ್ತರ ಕನ್ನಡವೂ ಸೊಲ್ಲಾಪುರವೂ 1956ರವರೆಗೆ ಒಂದೇ ಮುಂಬಯಿ ರಾಜ್ಯದಲ್ಲಿದ್ದವು ಅಂತ ಮನೆಯೊಡೆಯರಿಗೆ ಹೇಳಿದಾಗ ಇನ್ನೊಂದು ಸುತ್ತು ಚಹಾ ಬಂತು.

ಮರುದಿನ ಪಾಡ್ಯ. ಬೆಳಿಗ್ಗೆ ಏಳಕ್ಕೆ ತದಡಿಯ ಹತ್ತಿರ ಅಘನಾಶಿನಿ ನದಿಯ ಮುಖದಲ್ಲಿ ಇಳಿತ. ಮೊಣಕಾಲುದ್ದ ನೀರಿನಲ್ಲಿ, ಕೆಸರಿನಲ್ಲಿ ಹೆಂಗಸರು ಬಾಗಿ ಬಳಚು ಹೆಕ್ಕುತ್ತಿದ್ದರು. ಚಿಪ್ಪಿನೊಳಗಿನ ಈ ಜೀವಿ ಇಲ್ಲಿನ ನೂರಾರು ಮನೆಗಳ ಸಂಪಾದನೆ. ಸುತ್ತಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ 'ಕಗ್ಗ' ಭತ್ತ ಬೆಳೆಯುತ್ತಾರೆ. ಒಬ್ಬ ಹೆಂಗಸನ್ನು ನೀರು ಎಷ್ಟೊತ್ತಿಗೆ ಏರುತ್ತದೆ ಅಂತ ಕೇಳಿದೆವು. ನಮ್ಮ ಮುಕ್ಕಾಲರ ಲೆಕ್ಕ ಅವರಿಗೆ ಬೇಕಿರಲಿಲ್ಲ. ನೀರು ತಿರುಗಿದ್ದು ಕಾಲಿಗೇ ತಿಳಿಯುತ್ತದೆ ಅಂದರು, ಬುಟ್ಟಿ ಎತ್ತಿಕೊಂಡು ದಡದ ಕಡೆ ನಡೆದರು. ನಾವೂ ಚೀಲ ಎತ್ತಿಕೊಂಡೆವು.

ಹೋಗುವವರಿಗೆ: ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಈ ಕಡೆ ಬೇಡವೇ ಬೇಡ, 2024ರ ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜಾರಿದ್ದು ನೆನಪಿರಲಿ. ಬೆಳದಿಂಗಳು ಬೇಕೆಂದರೆ ಶುದ್ಧ ಅಷ್ಟಮಿಗೆ ಹೊರಡಿ, ಕೊನೆಯ ಎರಡು ದಿನ ಉಧಾಣ ಬರುತ್ತದೆ ಅಂತ ತಿಳಿದಿರಿ. ಇನ್ನೂ ನಾಲ್ಕು ದಿನ ರಜೆ ಇದ್ದವರು ದಕ್ಷಿಣಕ್ಕೆ ಮಲ್ಪೆಯವರೆಗೆ ಹೋಗಬಹುದು. ಅಲ್ಲಿಯ ಸೇಂಟ್ ಮೇರಿ ದ್ವೀಪದ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದ ಲಾವಾ. ಅಲ್ಲಿಯೂ ರಾತ್ರಿ ತಂಗುವಂತಿಲ್ಲ. ಮರಳಲು ಅಂಕೋಲೆಯಿಂದ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್. ಬಸ್ಸಿನಲ್ಲಿ ಚೀಲ ಮೇಲೆ ಇಡುವ ಮುಂಚೆ ಉಸುಕು ಝಾಡಿಸಿ, ಕಂಡಕ್ಟರ್ ಬೈತಾರೆ.